ದೇವವಾಕ್ಯವು ಪ್ರತಿಯೊಂದು ದೇಶಭಾಷೆಗೂ ಬರಬೇಕೆ?

ಮಕ್ಕಳನ್ನು ಶಾಲೆಗೆ ಸೇರಿಸಲು ಬರುವ ಪೋಷಕರು ಈಚಿನ ವರುಷಗಳಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳುವುದುಂಟು. “ಹುಡುಗಿಯರೆಲ್ಲರೂ ಇಂಗ್ಲಿಷನ್ನು ಕಲಿಯುತ್ತಿರುವಾಗ ಬೆಳಗಿನ ಪ್ರಾರ್ಥನೆಯ ಶಾಸ್ತ್ರಪಾಠವನ್ನು ಕನ್ನಡದಲ್ಲಿ ಏಕೆ ಓದಿಸುತ್ತೀರಿ? ಇಂಗ್ಲಿಷಿನಲ್ಲಿ ಓದಿಸಿದರೆ ಭಾಷೆಯೂ ಬಂದೀತು, ಭಕ್ತಿಯೂ ಬಂದೀತು” ಎಂಬುದು ಅವರ ವಾದ. ಇದಕ್ಕೆ ಎದುರು ದಿಕ್ಕಿನಿಂದ ಬರುವ ಇನ್ನೊಂದು ಪ್ರಶ್ನೆಯೂ ಉಂಟು. ತಾಂಡ್ಯಗಳಿಂದ ಬರುವ ಲಂಬಾಣಿ ಮಕ್ಕಳಿಗೂ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಕ್ಕಳಿಗೂ ಕನ್ನಡವು ಚೆನ್ನಾಗಿ ಬರುತ್ತಿರುವಾಗ, ಅಂಥ ಭಾಷೆಗಳಿಗೆಲ್ಲ ಶಾಸ್ತ್ರವನ್ನು ಭಾಷಾಂತರಿಸುವ ಪ್ರಯಾಸವೇತಕ್ಕೆ ಎಂದು ಕೆಲವರು ಕೇಳುತ್ತಾರೆ. ಒಂದು ಪ್ರಶ್ನೆಯು ಕನ್ನಡವನ್ನು ಮೇಲಿನಿಂದ ನೋಡುತ್ತದೆ. ಇನ್ನೊಂದು ಕನ್ನಡದ ಮೇಲೆ ನಿಂತುಕೊಂಡು ಕೆಳಗೆ ನೋಡುತ್ತದೆ. ಆದರೆ ಎರಡರ ಬೇರೂ ಒಂದೇ. ದೊಡ್ಡ ಭಾಷೆಯೊಂದು ತಿಳಿದ ಮೇಲೆ ಮನೆಯ ಮಾತಿನಲ್ಲಿ ದೇವವಾಕ್ಯವು ಅವಶ್ಯವೋ ಅಲ್ಲವೋ ಎಂಬುದೇ ಆ ಬೇರು. ಇದನ್ನು ಸಾವಧಾನವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ. ಕ್ರೈಸ್ತರಲ್ಲದ ವಾಚಕರಿಗೂ ಇದು ಹೊರಗಿನ ವಿಷಯವಲ್ಲ. ಯಾಕಂದರೆ ಶಾಸ್ತ್ರಗ್ರಂಥವುಳ್ಳ ಪ್ರತಿಯೊಂದು ಮತದಲ್ಲಿಯೂ ಈ ಪ್ರಶ್ನೆಯು ಒಂದಲ್ಲ ಒಂದು ಕಾಲದಲ್ಲಿ ಹುಟ್ಟಿದೆ.

ಉತ್ತರವನ್ನು ಹುಡುಕಲು ಮೊದಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಿಲಾಶಾಸನವನ್ನು ನೀವೆಲ್ಲರೂ ಪಾಠದಲ್ಲಿ ಓದಿರುವಿರಿ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನೆಯ ಮುಖ್ಯಾಧಿಕಾರಿಗಳಾಗಿದ್ದ ಡಾ. ಎಂ. ಎಚ್. ಕೃಷ್ಣರವರು 1936ರಲ್ಲಿ ಅದನ್ನು ಲೋಕಕ್ಕೆ ತಿಳಿಯಪಡಿಸಿದರು. ಕ್ರಿ. ಶ. ಸುಮಾರು 450ರದೆಂದು ಎಣಿಸಲ್ಪಡುವ ಆ ಶಾಸನವು ಕನ್ನಡದ ಅತಿ ಪ್ರಾಚೀನ ಬರಹಗಳಲ್ಲಿ ಒಂದು. ಅದರ ಆದಿಯಲ್ಲಿರುವ ದೇವಸ್ತುತಿಯು ಸಂಸ್ಕೃತ ಶ್ಲೋಕ. ಆಮೇಲೆ ಬರುವ ದಾನದ ವಿವರವಾದರೋ ಕನ್ನಡ. ಸಂಸ್ಕೃತ ಶಬ್ದಗಳು ಹೇರಳವಾಗಿ ಬೆರೆತಿದ್ದರೂ ವಾಕ್ಯಗಳ ಕಟ್ಟು ಕನ್ನಡದ್ದೇ. ದಾನವು ಯಾರಿಗೆ ಸೇರತಕ್ಕದ್ದು, ಅದನ್ನು ಕೆಡಿಸಿದವನಿಗೆ ಎಂಥ ಪಾಪವು ತಗಲತಕ್ಕದ್ದು ಎಂಬುದನ್ನು ಬರೆಯಿಸಿದವರು ಕನ್ನಡದಲ್ಲಿ ಬರೆಯಿಸಿದರು. ದೇವರನ್ನು ಹೊಗಳುವುದಕ್ಕೆ ಒಂದು ಭಾಷೆಯು ಸಾಕಾಯಿತು. ಮನುಷ್ಯನನ್ನು ಹೊಣೆ ಹಿಡಿಯುವುದಕ್ಕೆ ಅವನ ಸ್ವಂತ ಭಾಷೆಯೇ ಬೇಕಾಯಿತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಹಲ್ಮಿಡಿಯ ಕಾಲದಿಂದ ಈಚೆಗೆ ಕನ್ನಡ ನಾಡಿನಲ್ಲಿ ನಡೆದ ದೊಡ್ಡ ಕಾರ್ಯವೇನೆಂದರೆ, ದೇವಸ್ತುತಿಯೂ ಧರ್ಮಬೋಧೆಯೂ ಸಹ ಕ್ರಮಕ್ರಮವಾಗಿ ಕನ್ನಡಕ್ಕೆ ಬಂದದ್ದು. ಜೈನರ ಪ್ರಥಮ ತೀರ್ಥಂಕರನ ಚರಿತ್ರೆಯನ್ನು ಪಂಪನು 941ರಲ್ಲಿ ತನ್ನ ಆದಿಪುರಾಣದಲ್ಲಿ ಕನ್ನಡಿಸಿದನು. 12ನೆಯ ಶತಮಾನದ ಶಿವಶರಣರು ತಮ್ಮ ಅನುಭವವನ್ನು ಆಡುನುಡಿಗೆ ಹತ್ತಿರವಾದ ವಚನಗಳಲ್ಲಿ ಹೇಳಿದರು. ಅವರಲ್ಲಿ ಹೆಂಗಸರೂ, ಕಾಯಕ ಮಾಡಿ ಜೀವಿಸುವವರೂ ಇದ್ದರೆಂಬುದನ್ನು ನಾವು ಮರೆಯಲಾಗದು. ಹರಿದಾಸರು ಭಕ್ತಿಯನ್ನು ಹಾಡಾಗಿ ಮಾಡಿ ಬೀದಿಗೆ ತಂದರು. ನಮ್ಮ ಅರಸೀಕೆರೆಗೆ ನೆರೆಯದಾದ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನು ಜೈಮಿನಿ ಭಾರತವನ್ನು ರಚಿಸಿದನು. ಅದು ಮನೆಮನೆಯಲ್ಲಿ ಓದಿಸಿ ಕೇಳುವ ಕಾವ್ಯವಾಯಿತು. ಆದಕಾರಣ ಶಾಸ್ತ್ರವನ್ನು ದೇಶಭಾಷೆಗೆ ತರುವುದು ವಿದೇಶದಿಂದ ಹಡಗಿನಲ್ಲಿ ಬಂದ ಹೊಸ ಆಲೋಚನೆಯೆಂದು ಯಾರೂ ತಿಳಿಯಬಾರದು. ಮಿಷನರಿಗಳು ಈ ನಾಡಿಗೆ ಬಂದಾಗ, ಧರ್ಮವನ್ನು ಕನ್ನಡದಲ್ಲಿ ಕೇಳಿ ರೂಢಿಯಿದ್ದ ಜನರ ನಡುವೆಯೇ ಬಂದರು.

ಇನ್ನು ಕ್ರೈಸ್ತಶಾಸ್ತ್ರದ ವಿಷಯ. ಇದರಲ್ಲಿ ಒಂದು ವಿಶೇಷವುಂಟು. ಯೇಸುಸ್ವಾಮಿಯು ಗಲಿಲಾಯದ ಜನರೊಡನೆ ಆಡಿದ ಭಾಷೆಯು ಅರಮಾಯಿಕ್. ಸುವಾರ್ತೆಗಳು ನಮಗೆ ದೊರೆತಿರುವುದು ಗ್ರೀಕಿನಲ್ಲಿ. ಎಂದರೆ, ಆತನ ಉಪದೇಶವು ಬರಹಕ್ಕೆ ಇಳಿದಾಗಲೇ ಬಹುಮಟ್ಟಿಗೆ ಭಾಷಾಂತರವಾಗಿತ್ತು. ಮೂಲಭಾಷೆಯೊಂದೇ ಪವಿತ್ರವೆಂದಿದ್ದರೆ ಸುವಾರ್ತಿಕರು ಅದನ್ನು ಹಾಗೆ ಬಿಟ್ಟುಕೊಡುತ್ತಿದ್ದರೆ? ಅದಕ್ಕೂ ಮೊದಲು, ಸೆರೆಯಿಂದ ಯೆರೂಸಲೇಮಿಗೆ ಹಿಂದಿರುಗಿದ ಜನರಿಗೆ ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ, ಗಂಡಸರೂ ಹೆಂಗಸರೂ ಕೇಳಿ ಗ್ರಹಿಸುವಂತೆ ಲೇವಿಯರು ಅರ್ಥವನ್ನು ವಿವರಿಸಿದರೆಂದು ನೆಹೆಮೀಯನ ಗ್ರಂಥದಿಂದ ತಿಳಿಯುತ್ತದೆ. ಪಂಚಾಶತ್ತಮ ದಿನದಲ್ಲಿ ನಾನಾ ದೇಶದವರು ತಂತಮ್ಮ ಹುಟ್ಟುಭಾಷೆಗಳಲ್ಲಿ ದೇವರ ಮಹತ್ತುಗಳನ್ನು ಕೇಳಿದರೆಂಬುದನ್ನು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಆ ಜನರಲ್ಲಿ ಅನೇಕರಿಗೆ ಗ್ರೀಕ್ ಭಾಷೆಯು ಸಾಕಷ್ಟು ತಿಳಿದಿದ್ದಿರಬೇಕು. ಆದರೂ ಅವರ ಆಶ್ಚರ್ಯಕ್ಕೆ ಕಾರಣವಾದದ್ದು ಮನೆಯ ಮಾತು.

ಹೆಣ್ಣುಮಕ್ಕಳ ಶಾಲೆಯಲ್ಲಿ ನೆನೆಯತಕ್ಕ ಇನ್ನೊಂದು ಸಂಗತಿಯನ್ನು ಮಾರ್ಕನು ತಿಳಿಸಿದ್ದಾನೆ. ಯಾಯೀರನೆಂಬುವನ ಮಗಳು ಹನ್ನೆರಡು ವರುಷದವಳು. ಸತ್ತಳೆಂದು ಮನೆಯವರು ಗೋಳಾಡುತ್ತಿದ್ದರು. ಕರ್ತನು ಅವಳ ಕೈ ಹಿಡಿದು ಎಬ್ಬಿಸುವಾಗ ಆಡಿದ ಎರಡು ಅರಮಾಯಿಕ್ ಶಬ್ದಗಳನ್ನು ಮಾರ್ಕನು ತನ್ನ ಗ್ರೀಕ್ ಬರಹದ ನಡುವೆ ಹಾಗೆಯೇ ಉಳಿಸಿ, ಒಡನೆಯೇ ಅವುಗಳ ಅರ್ಥವನ್ನೂ ಹೇಳಿದ್ದಾನೆ. ತಾಯಿಯು ಬೆಳಗಿನಲ್ಲಿ ಮಗಳನ್ನು ಎಬ್ಬಿಸುವ ಮಾತಿನಂಥ ಆ ಶಬ್ದಗಳನ್ನು ಅವನು ಅಳಿಸಲಿಲ್ಲ; ಅರ್ಥವಾಗದವರಿಗೆ ಅರ್ಥವಾಗದಂತೆಯೂ ಬಿಡಲಿಲ್ಲ. ಮೂಲದಲ್ಲಿ ಗೌರವ, ಕೇಳುವವಳಲ್ಲಿ ಕರುಣೆ ಎಂಬ ಈ ಎರಡು ಗುಣಗಳೇ ಒಳ್ಳೆಯ ಭಾಷಾಂತರಕಾರನ ಲಕ್ಷಣವೆಂದು ನಾವು ತಿಳಿಯಬಹುದು.

ಕನ್ನಡಕ್ಕೆ ಈ ಗ್ರಂಥವು ಹೇಗೆ ಬಂದಿತೆಂಬುದನ್ನು ಈಗ ಸಂಕ್ಷೇಪವಾಗಿ ಹೇಳುತ್ತೇವೆ. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಎಂಬುವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಹಾಕಿದರು. ವಿಲಿಯಂ ರೀವ್ ಎಂಬುವರು ಅವರಿಗೆ ಜೊತೆಗಾರರಾದರು. ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು 1831ರ ಸುಮಾರಿನಲ್ಲಿ. ಎಂದರೆ ಇಪ್ಪತ್ತು ವರುಷಗಳ ದುಡಿತ. ಇದೇ ಕಾಲದಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಎಂಬ ಪ್ರಸಿದ್ಧ ಪಂಡಿತರೂ ಕನ್ನಡದ ಹೊಸ ಒಡಂಬಡಿಕೆಯನ್ನು ಸಿದ್ಧಪಡಿಸುತ್ತಿದ್ದರು. 1812ನೆಯ ಮಾರ್ಚಿ 11ರಂದು ಅಲ್ಲಿಯ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಅಚ್ಚಿನ ಮೊಳೆಗಳೂ ಕಾಗದವೂ ಅನೇಕ ಹಸ್ತಪ್ರತಿಗಳೂ ಸುಟ್ಟುಹೋದುವು. ಕನ್ನಡದ ಹಸ್ತಪ್ರತಿಯೂ ಅವುಗಳಲ್ಲಿ ಸೇರಿತ್ತು. ಕೇರಿಯವರು ಎದೆಗುಂದದೆ ಪುನಃ ಆರಂಭಿಸಿದರು. ಅವರ ಕನ್ನಡ ವ್ಯಾಕರಣವು 1817ರಲ್ಲಿ ಪ್ರಕಟವಾಯಿತು; ಹೊಸ ಒಡಂಬಡಿಕೆಯೂ ಕೆಲವು ವರುಷಗಳಲ್ಲಿ ಮುಗಿಯಿತು. ಇವರೆಲ್ಲರ ಪಕ್ಕದಲ್ಲಿ ಕುಳಿತು ಶಬ್ದಗಳನ್ನು ಒದಗಿಸಿ ತಿದ್ದಿದ ಮುನ್ಷಿಗಳೂ ಪಂಡಿತರೂ ಈ ದೇಶದವರೇ. ಅವರಲ್ಲಿ ಬಹುಮಂದಿಯ ಹೆಸರುಗಳು ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಲಿಲ್ಲವಾದರೂ, ನಾವು ಓದುವ ಕನ್ನಡದಲ್ಲಿ ಅವರ ದುಡಿತವು ಸೇರಿಕೊಂಡಿದೆ.

ಈ ಕಾರ್ಯದ ನೆರಳಿನಲ್ಲಿ ಇತರ ಫಲಗಳೂ ಬೆಳೆದುವು. ಶಬ್ದಗಳಿಲ್ಲದೆ ಭಾಷಾಂತರವಿಲ್ಲ, ಆದುದರಿಂದ ನಿಘಂಟುಗಳು ಬೇಕಾದುವು. ರೀವ್‌ರವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಬಂದುವು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಹೆರ್ಮನ್ ಮೊಗ್ಲಿಂಗರು 1843ನೆಯ ಜುಲೈ 1ರಂದು ಮಂಗಳೂರ ಸಮಾಚಾರವನ್ನು ಆರಂಭಿಸಿದರು. ವೆಸ್ಲಿಯನ್ ಮಿಷನಿನ ಡೇನಿಯಲ್ ಸ್ಯಾಂಡರ್‌ಸನ್‌ರವರು ಮೇಲೆ ಹೇಳಿದ ಜೈಮಿನಿ ಭಾರತವನ್ನೇ ಇಂಗ್ಲಿಷ್ ಅನುವಾದದೊಡನೆ 1852ರಲ್ಲಿ ಪ್ರಕಟಿಸಿದರು. ಫರ್ಡಿನಂಡ್ ಕಿಟೆಲರ ಮಹಾನಿಘಂಟು ಸುಮಾರು 70,000 ಶಬ್ದಗಳೊಡನೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸತ್ಯವೇದವನ್ನು ಒಂದು ದಿನವೂ ತೆರೆಯದ ಕನ್ನಡ ವಿದ್ವಾಂಸರು ಸಹ ಕಿಟೆಲರ ನಿಘಂಟನ್ನು ತೆರೆಯದೆ ಇರಲಾರರು. ಒಂದು ಭಾಷೆಗೆ ಶಾಸ್ತ್ರವನ್ನು ತರಹೊರಟವನು ಆ ಭಾಷೆಯ ಕಾವ್ಯಕ್ಕೂ ಗಾದೆಗೂ ಶಿಷ್ಯನಾಗಲೇಬೇಕೆಂಬುದಕ್ಕೆ ಇದು ಸಾಕ್ಷಿ.

ಹೀಗೆಂದ ಮಾತ್ರಕ್ಕೆ ಎದುರು ಪಕ್ಷವು ಇರಲಿಲ್ಲವೆಂದಲ್ಲ. ಅದನ್ನು ಬಹು ಬಲವಾಗಿ ಹೇಳಿದವರು ನಮ್ಮ ಮೈಸೂರು ಸೀಮೆಯಲ್ಲಿಯೇ ಇದ್ದ ಒಬ್ಬ ಕ್ರೈಸ್ತಪಾದ್ರಿ. ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ ಎಂಬ ಈ ಕಥೋಲಿಕ ಗುರುಗಳು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿಗೆ ಬಂದು, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗುವವರೆಗೂ ಜನರಂತೆಯೇ ಉಟ್ಟು, ಉಂಡು, ಅವರ ನಡುವೆ ಬಾಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಸಿಡುಬಿಗೆ ದೇವಿ ಹಾಕಿಸುವುದನ್ನು ಈ ಸೀಮೆಯಲ್ಲಿ ಹರಡಿದವರಲ್ಲಿಯೂ, ಹಾಸನದ ಸಮೀಪದ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದವರಲ್ಲಿಯೂ ಅವರ ಹೆಸರು ಸೇರಿದೆ. ಇಂಥವರು 1823ರಲ್ಲಿ ಲಂಡನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಸತ್ಯವೇದವನ್ನು ಈ ದೇಶದ ಭಾಷೆಗಳಿಗೆ ತಿರುಗಿಸಿ ಹಂಚುವುದು ವ್ಯರ್ಥವೆಂದೂ, ವ್ಯರ್ಥ ಮಾತ್ರವಲ್ಲದೆ ಕೇಡೆಂದೂ ಬರೆದರು. ಅವರು ಕೊಟ್ಟ ಕಾರಣಗಳು ಮುಖ್ಯವಾಗಿ ಎರಡು. ಆಗಿನ ಭಾಷಾಂತರಗಳ ಶೈಲಿಯು ಅತ್ಯಂತ ಕೀಳಾದುದರಿಂದ ವಿದ್ವಾಂಸರು ಅವುಗಳನ್ನು ನೋಡಿ ನಗುವರೆಂಬುದು ಒಂದು. ವಿವರಣೆಯಿಲ್ಲದೆ ಬರಿಯ ಗ್ರಂಥವನ್ನು ಕೈಗೆ ಕೊಟ್ಟರೆ, ತಪ್ಪಿಹೋದ ಮಗನು ಹಿಂದಿರುಗಿದಾಗ ತಂದೆಯು ಕೊಬ್ಬಿದ ಕರುವನ್ನು ಕೊಯ್ಸಿದನೆಂಬಂಥ ಕಥೆಗಳು ಇಲ್ಲಿಯ ಜನರ ಮನಸ್ಸಿಗೆ ಹೇಸಿಗೆಯನ್ನುಂಟುಮಾಡುವುವೆಂಬುದು ಇನ್ನೊಂದು.

ಜೇಮ್ಸ್ ಹಫ್ ಎಂಬುವರು 1824ರಲ್ಲಿಯೇ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಎರಡು ಶತಮಾನಗಳ ಈಚೆ ನಿಂತು ನೋಡುವ ನಮಗೆ, ದೊಡ್ಡಸ್ವಾಮಿಯವರು ರೋಗವನ್ನು ಸರಿಯಾಗಿ ಗುರುತಿಸಿ ಔಷಧವನ್ನು ತಪ್ಪಾಗಿ ಹೇಳಿದರೆಂದು ತೋರುತ್ತದೆ. ಮೊದಮೊದಲಿನ ಭಾಷಾಂತರಗಳು ಒರಟಾಗಿದ್ದುವೆಂಬುದನ್ನು ಮಿಷನರಿಗಳೇ ಒಪ್ಪಿಕೊಂಡರು. ಒಪ್ಪಿಕೊಂಡುದರಿಂದಲೇ 19ನೆಯ ಶತಮಾನದ ಮಧ್ಯಭಾಗದಲ್ಲಿ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಸೇರಿ ಕನ್ನಡ ಗ್ರಂಥವನ್ನು ತಿದ್ದಿದರು. ಕೀಳಾದ ಭಾಷಾಂತರಕ್ಕೆ ಪರಿಹಾರವು ಮೇಲಾದ ಭಾಷಾಂತರವೇ ಹೊರತು ಮೌನವಲ್ಲ. ಎರಡನೆಯ ಆಕ್ಷೇಪಣೆಯಲ್ಲಿಯೂ ಸತ್ಯವಿದೆ. ಗ್ರಂಥವನ್ನು ಬೀದಿಯಲ್ಲಿ ಹಂಚಿಬಿಟ್ಟರೆ ಕಾರ್ಯವು ಮುಗಿಯಿತೆಂದು ತಿಳಿಯುವವರು, ಎಜ್ರನ ಪಕ್ಕದಲ್ಲಿ ಅರ್ಥ ಹೇಳುವವರು ನಿಂತಿದ್ದರೆಂಬುದನ್ನು ಮರೆತವರು. ಅರ್ಥ ಹೇಳುವ ಶಾಲೆ, ಪ್ರಶ್ನೆ ಕೇಳಲು ಅವಕಾಶ, ಒಪ್ಪದವನಿಗೂ ಮರ್ಯಾದೆ, ಇವಿಲ್ಲದ ಕಡೆಯಲ್ಲಿ ಗ್ರಂಥವು ಜಗಳಕ್ಕೆ ಕಾರಣವಾಗಬಹುದು. ಆದರೆ ಅರ್ಥವಾಗದ ಭಾಷೆಯಲ್ಲಿ ಅದನ್ನು ಮುಚ್ಚಿಟ್ಟರೆ, ಅರ್ಥ ಬಲ್ಲ ಕೆಲವರ ಕೈಗೆ ಉಳಿದವರನ್ನೆಲ್ಲ ಒಪ್ಪಿಸಿದಂತಾಗುತ್ತದೆ. ಹಾಗೆ ಒಪ್ಪಿಸಲ್ಪಟ್ಟವರಲ್ಲಿ ಹೆಂಗಸರೇ ಯಾವಾಗಲೂ ಮೊದಲಿಗರೆಂಬುದಕ್ಕೆ ಲೋಕದ ಚರಿತ್ರೆಯೇ ಸಾಕ್ಷಿ. ಇಲ್ಲಿ ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕಥೋಲಿಕರೆಲ್ಲರೂ ದೇಶಭಾಷೆಗೆ ವಿರೋಧಿಗಳಾಗಿರಲಿಲ್ಲ. ಗೋವೆಯ ಸೀಮೆಯಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿತ್ ಪಾದ್ರಿಯ ಕ್ರಿಸ್ತಪುರಾಣವು ಮರಾಠಿಯಲ್ಲಿ 1616ರಲ್ಲಿಯೇ ಅಚ್ಚಾಗಿತ್ತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ದೇಶಭಾಷೆಗಳ ಬಳಕೆಗೆ ಸಮ್ಮತಿಯಿತ್ತ ಮೇಲೆ, ಲತೀನ್ ಪೂಜೆಯು ನಡೆಯುತ್ತಿದ್ದ ದೇವಾಲಯಗಳಲ್ಲಿ ಕನ್ನಡವು ಕೇಳಿಬಂದಿತು.

ಭಾಷಾಂತರವು ಒಂದು ಸಾರಿ ಮಾಡಿ ಮುಗಿಸತಕ್ಕ ಕೆಲಸವೆಂದೂ ತಿಳಿಯಬಾರದು. ಇದಕ್ಕೆ ಎರಡು ಶಬ್ದಗಳನ್ನು ದೃಷ್ಟಾಂತವಾಗಿ ಕೊಡುತ್ತೇವೆ. ಕುರಿಗಳನ್ನು ಮೇಯಿಸಿ ಕಾಯುವವನಿಗೆ ಕನ್ನಡ ಸತ್ಯವೇದವು ಕುರುಬನೆಂಬ ಶಬ್ದವನ್ನು ಬಳಸಿತು. ಕಂಬಳಿ ಹೊದ್ದು, ಕೋಲು ಹಿಡಿದು, ಬೇಸಗೆಯಲ್ಲಿ ಮಂದೆಯನ್ನು ಹೊಡೆದುಕೊಂಡು ಹೋಗುವ ಕುರುಬನನ್ನು ಕಂಡ ಅರಸೀಕೆರೆಯ ಹುಡುಗಿಗೆ ಆ ಉಪಮಾನವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದ ಸಾಮ್ಯವು ಅವಳ ಊರಿನ ಹೊರಬಯಲಿಗೆ ತಾನಾಗಿಯೇ ಬಂದು ನಿಲ್ಲುತ್ತದೆ. ಇನ್ನೊಂದು ಶಬ್ದವು ಪಾವಲಿ. ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸಿನ ಸಾಮ್ಯದಲ್ಲಿ ಹಳೆಯ ಭಾಷಾಂತರಕಾರರು ಆ ನಾಣ್ಯವನ್ನು ಪಾವಲಿಯೆಂದರು. ನಾಲ್ಕಾಣೆಯ ಕಾಲದಲ್ಲಿ ಅದಕ್ಕಿಂತ ಸ್ಪಷ್ಟವಾದ ಮಾತು ಮತ್ತೊಂದಿರಲಿಲ್ಲ. ಆದರೆ 1957ರಲ್ಲಿ ಆಣೆಗಳ ಲೆಕ್ಕವು ಹೋಗಿ ನಯಾಪೈಸೆ ಬಂದಿತು. 2011ನೆಯ ಜೂನ್ 30ರಿಂದ 25 ಪೈಸೆಯ ನಾಣ್ಯವೇ ಚಲಾವಣೆಯಿಂದ ಹೋಯಿತು. ಈಗಿನ ಹುಡುಗಿಗೆ ಪಾವಲಿಯೆಂದರೆ ಗ್ರೀಕರ ದ್ರಾಖ್ಮೆಯಷ್ಟೇ ಅಪರಿಚಿತ. ಅಜ್ಜಿಯ ಮನೆಮಾತು ಮೊಮ್ಮಗಳಿಗೆ ನಿಘಂಟಿನ ಶಬ್ದವಾಯಿತು. ಆದಕಾರಣ ಆಡುಮಾತಿಗೆ ಹತ್ತಿರವಾದ ಹೊಸ ಕನ್ನಡ ಭಾಷಾಂತರಗಳು ಬಂದಿರುವುದನ್ನು ಕಂಡು ಹಿರಿಯರು ಅಸಮಾಧಾನ ಪಡಬಾರದು. ಹಳೆಯದರ ಗಾಂಭೀರ್ಯವನ್ನು ಕಿವಿಯಲ್ಲಿ ಇಟ್ಟುಕೊಂಡು, ಹೊಸದರ ತಿಳಿವಳಿಕೆಯನ್ನು ಮಕ್ಕಳ ಕೈಗೆ ಕೊಡುವುದು ಲೇಸು.

ಇಷ್ಟರಿಂದ ಕನ್ನಡಕ್ಕೆ ಶಾಸ್ತ್ರವು ಬೇಕೆಂಬುದು ಸಿದ್ಧವಾಯಿತು. ಆದರೆ ‘ಪ್ರತಿಯೊಂದು’ ಭಾಷೆಗೂ ಎಂಬ ಮಾತೇ ಕಷ್ಟವಾದದ್ದು. ಲೋಕದಲ್ಲಿ ಸುಮಾರು 7,000 ಭಾಷೆಗಳುಂಟೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. 2020ರಿಂದ ಈಚಿನ ಲೆಕ್ಕಗಳ ಪ್ರಕಾರ ಇಡೀ ಸತ್ಯವೇದವು 700ಕ್ಕಿಂತ ಹೆಚ್ಚು ಭಾಷೆಗಳಲ್ಲಿಯೂ, ಅದರ ಒಂದು ಭಾಗವಾದರೂ 3,000ಕ್ಕಿಂತ ಹೆಚ್ಚು ಭಾಷೆಗಳಲ್ಲಿಯೂ ದೊರೆಯುತ್ತದೆ. ಉಳಿದುವುಗಳ ಗತಿಯೇನು? ಇದಕ್ಕೆ ಬುದ್ಧಿ ಹೇಳಬಲ್ಲ ಉದಾಹರಣೆಯು ನಮ್ಮ ಘಟ್ಟದ ಕೆಳಗೇ ಉಂಟು. ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದಾಗ, ಶಾಲೆಗೂ ಕಚೇರಿಗೂ ಕನ್ನಡವು ನಡೆಯುತ್ತಿದ್ದರೂ ಜನರ ಮನೆಯ ಮಾತು ತುಳುವಾಗಿತ್ತು. ಕನ್ನಡದಲ್ಲಿ ಶಾಸ್ತ್ರವು ಆಗಲೇ ಇದ್ದುದರಿಂದ ತುಳುವಿಗೆ ಬೇರೆ ಭಾಷಾಂತರವು ಅನಾವಶ್ಯಕವೆಂದು ಹೇಳಿಬಿಡುವುದು ಸುಲಭವಾಗಿತ್ತು. ಅವರು ಹಾಗೆ ಹೇಳಲಿಲ್ಲ. ಮತ್ತಾಯನ ಸುವಾರ್ತೆಯು 1842ರಲ್ಲಿಯೂ, ಹೊಸ ಒಡಂಬಡಿಕೆಯು 1847ರಲ್ಲಿಯೂ ತುಳುವಿನಲ್ಲಿ ಕನ್ನಡ ಲಿಪಿಯಿಂದ ಅಚ್ಚಾದುವು. ಮೆನ್ನರರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಬಂದಿತು. ಶಾಲೆಗಳಲ್ಲಿಯಾದರೋ ಕನ್ನಡವೇ ನಡೆಯಿತು. ತುಳುವರು ಕನ್ನಡವನ್ನು ಬಿಡಲಿಲ್ಲ, ತುಳುವನ್ನೂ ಕಳೆದುಕೊಳ್ಳಲಿಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕಿಂತ ಹೆಚ್ಚು ಜನರು ತುಳುವನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದರು. ಮನೆಯ ಮಾತಿಗೆ ಮರ್ಯಾದೆ ಕೊಟ್ಟರೆ ನಾಡಿನ ಭಾಷೆಯು ಕುಂದುವುದೆಂಬ ಭಯಕ್ಕೆ ಅಲ್ಲಿ ಆಧಾರ ಕಾಣದು.

ಇನ್ನು ನಮ್ಮ ಸುತ್ತಮುತ್ತಲೇ ನೋಡೋಣ. ಅರಸೀಕೆರೆಯ ಕಡೆಯ ತಾಂಡ್ಯಗಳಲ್ಲಿ ಲಂಬಾಣಿ ಭಾಷೆಯುಂಟು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರ ಮನೆಗಳಲ್ಲಿ ಗುಜರಾತಿಗೆ ಸಮೀಪವಾದ ವಾಗ್ರಿ ಭಾಷೆಯುಂಟು. 2011ರ ಜನಗಣತಿಯಂತೆ ದೇಶದಲ್ಲಿ ಲಂಬಾಣಿಯನ್ನಾಡುವವರು 30 ಲಕ್ಷಕ್ಕಿಂತ ಹೆಚ್ಚು. ಆದರೂ ಜನಗಣತಿಯ ಪಟ್ಟಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಅದಕ್ಕೆ ಎಲ್ಲ ಕಡೆಗೂ ಒಂದೇ ಲಿಪಿಯಿಲ್ಲ. ಕರ್ನಾಟಕದಲ್ಲಿ ಕನ್ನಡ, ಆಂಧ್ರ ತೆಲಂಗಾಣಗಳಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ನಾಗರಿ ಲಿಪಿಗಳಲ್ಲಿ ಬರೆಯುತ್ತಾರೆ. ಒಂದು ಲಿಪಿಯಲ್ಲಿ ಅಚ್ಚಾದ ಪುಸ್ತಕವು ಅದೇ ಭಾಷೆಯ ಇನ್ನೊಂದು ಸೀಮೆಯವರಿಗೆ ಮುಚ್ಚಿದ ಪುಸ್ತಕವೇ ಆಗುತ್ತದೆ. ಮಾತು ಬಲ್ಲ ಅಜ್ಜಿಗೆ ಅಕ್ಷರ ಬಾರದು. ಅಕ್ಷರ ಬಲ್ಲ ಮೊಮ್ಮಗಳಿಗೆ ಪುಸ್ತಕವೆಂದರೆ ಕನ್ನಡವೇ. ಹೀಗಿರುವಲ್ಲಿ ಪುಸ್ತಕದ ಲೆಕ್ಕವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ಯಾವ ಭಾಷೆಗೂ ಭಾಷಾಂತರ ಮಾಡಬಾರದು.

ನಮ್ಮ ಅಭಿಪ್ರಾಯವೇನೆಂದರೆ: ಯಾವ ಭಾಷೆಯೂ ದೇವವಾಕ್ಯವನ್ನು ಹೊರಲಾರದಷ್ಟು ಚಿಕ್ಕದಲ್ಲ. ಆದುದರಿಂದ ‘ಪ್ರತಿಯೊಂದು ಭಾಷೆಗೂ’ ಎಂಬುದನ್ನು ತತ್ತ್ವವಾಗಿ ಒಪ್ಪಬೇಕು. ಆದರೆ ಅದನ್ನು ನಡೆಸುವುದರಲ್ಲಿ ಮೂರು ಕಟ್ಟುಪಾಡುಗಳಿರಬೇಕು. ಮೊದಲನೆಯದು, ಭಾಷಾಂತರವು ಆ ಭಾಷೆಯವರು ಬಯಸಿದ್ದಾಗಿರಬೇಕು. ಅವರಿಗಾಗಿ ಹೊರಗಿನವರು ನಿಶ್ಚಯಿಸಿದ್ದಾಗಿರಬಾರದು. ಎರಡನೆಯದು, ಅದನ್ನು ಮಾಡುವವರಲ್ಲಿ ಆ ಭಾಷೆಯನ್ನು ತಾಯಿಯ ಮಡಿಲಲ್ಲಿ ಕಲಿತವರೇ ಮುಂದಾಳುಗಳಾಗಬೇಕು. ಅವರು ಹೆಸರಿಲ್ಲದ ಮುನ್ಷಿಗಳಾಗಿ ಉಳಿಯುವ ಕಾಲವು ಕಳೆದುಹೋಗಿದೆ. ಮೂರನೆಯದು, ಅದರ ಜೊತೆಯಲ್ಲಿ ಓದುಬರಹವೂ ಹೋಗಬೇಕು. ಓದಲಾರದವರಿಗೆ ಕೇಳುವ ಏರ್ಪಾಡೂ ಇರಬೇಕು. ಧ್ವನಿಮುದ್ರಣವು ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ದೊರೆಯುವ ಈ ಕಾಲದಲ್ಲಿ ಅಕ್ಷರವರಿಯದ ಅಜ್ಜಿಗೂ ಸಾಮ್ಯಗಳನ್ನು ಕೇಳಿಸುವುದು ಅಸಾಧ್ಯವಲ್ಲ. ಈ ಮೂರನ್ನೂ ಅನುಸರಿಸಿದ ಭಾಷಾಂತರವು ಜನರನ್ನು ಅವರ ನೆರೆಹೊರೆಯಿಂದ ಬೇರ್ಪಡಿಸುವುದಿಲ್ಲ. ಅವರ ಭಾಷೆಯೂ ಬರೆಯಲು ಯೋಗ್ಯವಾದದ್ದೆಂದು ಅವರಿಗೂ ಇತರರಿಗೂ ತೋರಿಸಿಕೊಡುತ್ತದೆ.

ಮೊದಲಿನ ಪ್ರಶ್ನೆಗೆ ಈಗ ಹಿಂದಿರುಗುತ್ತೇವೆ. ಇಂಗ್ಲಿಷಿನಲ್ಲಿ ಶಾಸ್ತ್ರಪಾಠವನ್ನು ಓದಿಸಬೇಕೆನ್ನುವ ತಂದೆತಾಯಂದಿರ ಆಶೆಯು ನಮಗೆ ಅರ್ಥವಾಗುತ್ತದೆ. ಇಂಗ್ಲಿಷ್ ಬಲ್ಲ ಹುಡುಗಿಗೆ ಕಾಲೇಜಿನ ಬಾಗಿಲೂ ಉದ್ಯೋಗದ ಬಾಗಿಲೂ ತೆರೆಯುತ್ತವೆ. ಅದನ್ನು ಕಲಿಸುವುದರಲ್ಲಿ ನಮ್ಮ ಶಾಲೆಯು ಹಿಂದೆಗೆಯುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ನಡೆಯುತ್ತಿರುವುದನ್ನು ನೀವೇ ನೋಡಿರಿ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಮೊದಲ ತರಗತಿಯ ಅಂಕಗಳನ್ನು ಪಡೆದ ಮಗಳು, ಕಾಯಿಲೆ ಮಲಗಿದ ಅಜ್ಜಿಯು “ಒಂದು ಕೀರ್ತನೆ ಓದಮ್ಮಾ” ಎಂದರೆ, ಕನ್ನಡ ಅಕ್ಷರಗಳನ್ನು ಕೂಡಿಸಿ ಓದುವುದರಲ್ಲಿ ತಡವರಿಸುತ್ತಾಳೆ. ಅವಳು ಇಂಗ್ಲಿಷಿನಲ್ಲಿ ಓದಿದರೆ ಅಜ್ಜಿಗೆ ತಿಳಿಯದು. ದೇವರಿಗೆ ಎಲ್ಲ ಭಾಷೆಗಳೂ ತಿಳಿದಿವೆ. ಆದುದರಿಂದ ಇಲ್ಲಿ ದೇವರಿಗೆ ನಷ್ಟವೇನೂ ಇಲ್ಲ. ಒಂದೇ ಮನೆಯಲ್ಲಿರುವ ಇಬ್ಬರು ಒಟ್ಟಿಗೆ ಪ್ರಾರ್ಥನೆ ಮಾಡಲಾರದೆ ಹೋದರೆಂಬುದೇ ನಷ್ಟ. ಎರಡು ನೂರು ವರುಷಗಳ ಹಿಂದೆ ಇಪ್ಪತ್ತು ವರುಷ ದುಡಿದು, ಸುಟ್ಟುಹೋದದ್ದನ್ನು ಮತ್ತೆ ಬರೆದು ಕೊಟ್ಟ ಗ್ರಂಥವನ್ನು ಯಾರೂ ನಮ್ಮಿಂದ ಕಿತ್ತುಕೊಳ್ಳಬೇಕಾಗಿಲ್ಲ. ನಾವು ಮಕ್ಕಳಿಗೆ ಓದಲು ಕಲಿಸದೆ ಬಿಟ್ಟರೆ ಸಾಕು, ಅದು ಕಪಾಟಿನಲ್ಲಿಯೇ ಲತೀನಾಗಿ ಹೋಗುವುದು.

ಕ್ರೈಸ್ತರಲ್ಲದ ಮನೆಗಳಲ್ಲಿಯೂ ಇದೇ ಕಥೆಯೆಂದು ಅನೇಕ ತಾಯಂದಿರು ಹೇಳುತ್ತಾರೆ. ದಾಸರ ಪದವೋ ವಚನವೋ ಅಜ್ಜಿಯ ಬಾಯಲ್ಲಿದೆ. ಮೊಮ್ಮಗಳ ಕಿವಿಗೆ ಅದರ ಅರ್ಥವು ಮುಟ್ಟುವುದಿಲ್ಲ. ಮತಗಳು ಬೇರೆಯಾದರೂ ಈ ವಿಷಯದಲ್ಲಿ ನಮ್ಮೆಲ್ಲರ ಕಷ್ಟವೂ ಒಂದೇ, ಕರ್ತವ್ಯವೂ ಒಂದೇ.

ಆದುದರಿಂದ ಪ್ರಿಯ ಸಹೋದರಿಯರೇ, ಈ ಶಾಲೆಯಿಂದ ಹೋಗಿ ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ನಿಮ್ಮಲ್ಲಿ ನಮ್ಮದೊಂದು ಬಿನ್ನಹವಿದೆ. ವಾರಕ್ಕೆ ಒಂದು ಸಂಜೆಯಾದರೂ ಮನೆಯ ಎಲ್ಲರೂ ಕುಳಿತು ನಿಮ್ಮ ನಿಮ್ಮ ಶಾಸ್ತ್ರವನ್ನು ಮನೆಯ ಮಾತಿನಲ್ಲಿ ಓದಿರಿ, ಓದುವ ಕೆಲಸವನ್ನು ಎಲ್ಲರಿಗಿಂತ ಚಿಕ್ಕವಳಿಗೆ ಕೊಡಿರಿ, ತಡವರಿಸಿದರೆ ನಗಬೇಡಿರಿ. ಲಂಬಾಣಿ, ವಾಗ್ರಿ, ತುಳು, ಕೊಂಕಣಿಗಳನ್ನಾಡುವ ಮಕ್ಕಳಿಗೆ ನಾವು ಶಾಲೆಯಲ್ಲಿ ಕೊಡತಕ್ಕ ಅಭ್ಯಾಸವೂ ಇದಕ್ಕೆ ಹೊಂದಿದ್ದೇ. ಇಲ್ಲಿ ಕನ್ನಡದಲ್ಲಿ ಕೇಳಿದ ಸಾಮ್ಯವನ್ನು ಸಾಯಂಕಾಲ ತಾಯಿಗೋ ಅಜ್ಜಿಗೋ ಮನೆಯ ಮಾತಿನಲ್ಲಿ ಹೇಳಿ, ಯಾವ ಶಬ್ದಕ್ಕೆ ತಮ್ಮ ಭಾಷೆಯಲ್ಲಿ ಯಾವ ಶಬ್ದ ದೊರೆಯಿತೆಂಬುದನ್ನು ಮರುದಿನ ಬಂದು ತಿಳಿಸಬೇಕು. ಬಳ್ಳಾರಿಯಲ್ಲಿಯೂ ಶ್ರೀರಾಮಪುರದಲ್ಲಿಯೂ ಮಂಗಳೂರಿನಲ್ಲಿಯೂ ದೊಡ್ಡ ಗ್ರಂಥಗಳು ಆರಂಭವಾದದ್ದು ಇಂಥ ವಿಚಾರಣೆಯಿಂದಲೇ: ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಒಬ್ಬನು ಕೇಳಿದನು, ಬಲ್ಲವನೊಬ್ಬನು ಹೇಳಿದನು. ಮುಂದೆ ಯಾವ ತಾಂಡ್ಯದಿಂದ ಯಾವ ಹುಡುಗಿಯು ಎದ್ದು ತನ್ನವರ ಭಾಷೆಗೆ ಒಂದು ಒಳ್ಳೆಯ ಪುಸ್ತಕವನ್ನು ಕೊಡುವಳೋ ಯಾರು ಬಲ್ಲರು? ಅವಳ ಹೆಸರಾದರೂ ಮೊದಲ ಪುಟದಲ್ಲಿಯೇ ಅಚ್ಚಾಗಲೆಂದು ಹಾರೈಸುತ್ತೇವೆ.